ನೀಲಿಯೊಂದು ಬಾಕಿ ಇತ್ತು

ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಬಣ್ಣಕ್ಕೆ ಬರವಿಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರುವರಿಯಲ್ಲಿ ಎಂಐಡಿಸಿ ಕೈಗಾರಿಕಾ ವಲಯದ ರಸ್ತೆ ಗುಲಾಬಿಯಾಯಿತು. ನೋಡಲು ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರೇ ಬಂದರು. ನೀಲಿಯೊಂದು ಬಾಕಿ ಇತ್ತು. ಅದನ್ನು ಹಳೆಯ ಕಂಪ್ಯೂಟರು ಪೂರೈಸುತ್ತಿದೆ. ಕೆಲಸದ ನಡುವೆ ಪರದೆ ನೀಲಿಯಾಗುತ್ತದೆ, ಒಂದು ಸಪ್ಪೆ ಮೋರೆ ಮೂಡುತ್ತದೆ. ನೋಡಲು ಯಾವ ಮಂತ್ರಿಯೂ ಬರುವುದಿಲ್ಲ.

ಬರುವವನು ರಿಪೇರಿ ಹುಡುಗ. ಪೆಟ್ಟಿಗೆ ಬಿಚ್ಚುತ್ತಾನೆ, ರ‍್ಯಾಮ್ ಕೀಳುತ್ತಾನೆ, ಜೇಬಿನಿಂದ ಶಾಲೆ ಮಕ್ಕಳ ರಬ್ಬರ್ ತೆಗೆದು ಅದರ ಚಿನ್ನಲೇಪದ ಅಂಚನ್ನು ಗಸಗಸ ಉಜ್ಜಿ ಮತ್ತೆ ಸಿಕ್ಕಿಸುತ್ತಾನೆ. ಯಂತ್ರ ಎದ್ದು ಕೂರುತ್ತದೆ. ಪವಾಡವೆಂದು ನಾವು ಕೇಳಿದಷ್ಟು ಕೊಡುತ್ತೇವೆ. ಉಜ್ಜಿದಷ್ಟೂ ಚಿನ್ನ ಸವೆಯುತ್ತದೆಂದು ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಅವನು ಉಜ್ಜಿ ತೆಗೆದ ಕೊಳೆ ಎಲ್ಲಿಂದ ಬಂತು? ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲವೂ ಮಳೆಗಾಲದ ತೇವವೂ ಕೂಡಿದರೆ ಬೋರ್ಡಿನ ತಾಮ್ರ, ಬೆಳ್ಳಿ ಕಪ್ಪಾಗಿ ಕೆಡುತ್ತವೆ. 2006ರಲ್ಲಿ ಯುರೋಪು ಬೆಸುಗೆಯ ಸೀಸಕ್ಕೆ ನಿರ್ಬಂಧ ಹಾಕಿದ ಮೇಲೆ ಕೆಲವು ತಯಾರಕರು ಬೋರ್ಡಿಗೆ ಬೆಳ್ಳಿಯ ಲೇಪ ಕೊಡತೊಡಗಿದರು. ಗಂಧಕಕ್ಕೋ ಬೆಳ್ಳಿಯೆಂದರೆ ಪ್ರಾಣ. ಕಪ್ಪಾದ ಬೆಳ್ಳಿಯ ಕುಂಕುಮ ಭರಣಿಯನ್ನು ವಿಭೂತಿಯಲ್ಲಿ ತಿಕ್ಕುವ ಗೃಹಿಣಿಗೆ ಇದೆಲ್ಲ ಗೊತ್ತು. ಯಜಮಾನರಿಗೆ ಗೊತ್ತಿಲ್ಲ. ಅವರು ವೈರಸ್ಸನ್ನು ಬೈಯುತ್ತಾರೆ, ಮೈಕ್ರೋಸಾಫ್ಟನ್ನು ಬೈಯುತ್ತಾರೆ, ರಾತ್ರಿಯಿಡೀ ಗೇಮ್ ಆಡಿದ ಮಗನನ್ನು ಬೈಯುತ್ತಾರೆ, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ. ಎಲ್ಲ ಕೇಡಿಗೂ ಕಾರ್ಖಾನೆಯ ಚಿಮಣಿಯೇ ಕಾರಣವೆಂದಲ್ಲ. ಧೂಳು ತುಂಬಿದ ಫ್ಯಾನು, ಮುಪ್ಪಾದ ಎಸ್‌ಎಂಪಿಎಸ್, ಹೇಳದೆ ಹೋಗುವ ಕರೆಂಟು, ಬ್ಯಾಟರಿ ಸತ್ತ ಯುಪಿಎಸ್ಸು ಎಲ್ಲಕ್ಕೂ ಪಾಲಿದೆ. ಆದರೆ ಅವನ್ನು ಬೈದರೆ ಖರ್ಚು ನಮ್ಮದೇ.

ರಬ್ಬರ್ ಸೋತ ದಿನ ಹುಡುಗ ಮರಾಠಿಯಲ್ಲಿ ತೀರ್ಪು ಕೊಡುತ್ತಾನೆ: "ಕಾಕಾ, ಫಾರ್ಮ್ಯಾಟ್ ಮಾರಾವಾ ಲಾಗೇಲ್."

ಫಾರ್ಮ್ಯಾಟ್ ಹೊಡೆದು ಎಲ್ಲ ಅಳಿಸಬೇಕಂತೆ. "ಮಾರ್" ಎಂದ ಮೇಲೆಯೇ ಕಾಕಾನಿಗೆ ಫೈಲುಗಳ ನೆನಪು. ಡಿಸ್ಕು ಟಿಕ್ ಟಿಕ್ ಎನ್ನತೊಡಗಿದರೆ ಮೊದಲು ಆರಿಸಬೇಕು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಅದು ಸಾಯುತ್ತದೆ. ಡಿಸ್ಕು ಗಟ್ಟಿಯಿದ್ದು ವಿಂಡೋಸ್ ಮಾತ್ರ ಏಳದಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಫೈಲುಗಳನ್ನು ಹೊರಗೆ ಸಾಗಿಸಬೇಕು. ಚಿಕಿತ್ಸೆ ಆಮೇಲೆ. ನಮ್ಮಲ್ಲಿ ಚಿಕಿತ್ಸೆ ಮೊದಲು, ಹುಡುಕಾಟ ಆಮೇಲೆ. "ಬ್ಯಾಕಪ್ ಇದೆಯಲ್ಲ, ಡಿ ಡ್ರೈವಲ್ಲಿ!" ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆ. ಕಟ್ಟಡವೇ ಕುಸಿದರೆ ಯಾವ ಕೋಣೆಯಲ್ಲಿ ಮಲಗಿದ್ದರೇನು?

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ಬ್ಯಾಕಪ್ಪಿನ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗಕ್ಕೆ ನಮಗೇನು ಕೊರತೆ? ವರ್ಷಾವರ್ಷ ಊರಿಗೆ ಮತ್ಸ್ಯಗಂಧ ರೈಲು ಹತ್ತುತ್ತೇವೆ. ಊರಿನಿಂದ ಕುಚ್ಚಲಕ್ಕಿ, ಹಪ್ಪಳ ಮೂಟೆಯಲ್ಲಿ ಬರುತ್ತವೆ. ಇಲ್ಲಿಂದ ಅಂಗೈಯಗಲದ ಡಿಸ್ಕು ಹೋಗಲು ಮಾತ್ರ ಚೀಲದಲ್ಲಿ ಜಾಗವಿಲ್ಲ.

ಇಲ್ಲಿನ ಕನ್ನಡ ಸಂಘಗಳ ಕಚೇರಿಯ ಕತೆಯೇ ಬೇರೆ. ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆ, ನುಡಿ ತಂತ್ರಾಂಶದಲ್ಲಿ ಟೈಪಾದ ಹಳೆಯ ವರದಿಗಳು ಎಲ್ಲವೂ ಒಂದೇ ಯಂತ್ರದಲ್ಲಿ; ಅದರ ನೆತ್ತಿಯ ಮೇಲೆ ಗಣಪತಿ. ಡಿಸ್ಕು ಕೊಳ್ಳೋಣವೆಂದರೆ ಖಜಾಂಚಿ ಬಜೆಟ್ ತೋರಿಸುತ್ತಾರೆ: ಅತಿಥಿಗಳ ಶಾಲು, ಹಾರ, ಸ್ಮರಣಿಕೆ ಕಳೆದರೆ ಉಳಿಯುವುದು ಚಹಾದ ದುಡ್ಡು. ಕೊನೆಗೊಬ್ಬ ದಾನಿ ಮುಂದೆ ಬರುತ್ತಾರೆ. ಫ್ಯಾನಿನ ರೆಕ್ಕೆಯ ಮೇಲೆ ಬರೆಸಿದಂತೆ ಡಿಸ್ಕಿನ ಮೇಲೂ ದಿವಂಗತ ತಂದೆ, ತಾಯಿ, ಅಜ್ಜನ ಹೆಸರು ಬರಬೇಕಂತೆ. ಮೂವರೂ ಅದರ ಮೇಲೆ ಹಿಡಿಸುವುದಿಲ್ಲ. ಸಮಿತಿ ಈಗ ಅದಕ್ಕಿಂತ ಅಗಲವಾದ ಡಿಸ್ಕನ್ನು ಹುಡುಕುತ್ತಿದೆ.