ಬೆಲ್ಟ್ ಖರೀದಿಸುವ ಸಾಹೇಬರಿಗೊಂದು ಬಹಿರಂಗ ಪತ್ರ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕರೆಂಟ್ ಕಂಬ ಹತ್ತುವವರಿಗೆ ಸೇಫ್ಟಿ ಬೆಲ್ಟ್ ಕೊಡಿಸುವ ಅಧಿಕಾರಿಗಳಿಗೆ, ಗುತ್ತಿಗೆದಾರರಿಗೆ,

ಪವರ್‌ಮ್ಯಾನ್ ನೌಕರಿ ಬೇಕೆಂದರೆ 8 ಮೀಟರ್ ಕಂಬ ಹತ್ತಿ ತೋರಿಸಬೇಕು. ಹತ್ತಲಾರದವನಿಗೆ ನೌಕರಿ ಇಲ್ಲ. ಅವನ ಜೀವ ಹಿಡಿಯುವ ಬೆಲ್ಟ್ ಎಂಥದ್ದಿರಬೇಕೆಂದು ಕಾಗದದ ಮೇಲೆ ಬರೆಯುವ ನಿಮಗೆ ಆ ಪರೀಕ್ಷೆ ಇಲ್ಲ. ಆದ್ದರಿಂದಲೇ ಮುಂದಿನ ಇಂಡೆಂಟ್‌ಗೆ ರುಜು ಹಾಕುವ ಮುಂಚೆ ಈ ಪತ್ರ ಓದಿರೆಂದು ಕೇಳಿಕೊಳ್ಳುತ್ತೇನೆ.

ಸೊಂಟಕ್ಕಷ್ಟೇ ಸುತ್ತುವ ಪಟ್ಟಿ ತರಿಸಬೇಡಿ. ಅದನ್ನು ಕಟ್ಟಿಕೊಂಡು ಬಿದ್ದವನ ಇಡೀ ಭಾರ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ; ತಲೆಕೆಳಗಾಗಿ ಜಾರಿ ಪಟ್ಟಿಯಿಂದಲೇ ಹೊರಬೀಳಲೂಬಹುದು. ಅಮೆರಿಕದ ಕಟ್ಟಡ ಕಾಮಗಾರಿಗಳಲ್ಲಿ ಬೀಳುವವನನ್ನು ತಡೆಯಲು ಬರೀ ಸೊಂಟಪಟ್ಟಿ ಬಳಸುವುದು 1998ರ ಜನವರಿ 1ರಿಂದ ನಿಷಿದ್ಧ. ಬೇಕಾದದ್ದು ಹೆಗಲು, ಎದೆ, ತೊಡೆ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್. ಬೆನ್ನ ಮೇಲೆ ಒಂದು ಡಿ-ರಿಂಗ್, ಸೊಂಟದ ಎರಡೂ ಬದಿಗೆ ಒಂದೊಂದು ಇರಲಿ. ನಮ್ಮ ದೇಶದ ಮಾನಕ ಐಎಸ್ 3521. ಆ ಗುರುತು, ತಯಾರಾದ ವರ್ಷ ಎರಡೂ ಪಟ್ಟಿಗೆ ಹೊಲಿದ ಚೀಟಿಯ ಮೇಲಿರಬೇಕು, ಬಿಲ್ಲಿನಲ್ಲಿದ್ದರೆ ಸಾಲದು.

ಈಗ ಒಂದು ಲೆಕ್ಕ. ಬಹಳ ಕಡೆ ಹಾರ್ನೆಸ್ ಜೊತೆ 2 ಮೀಟರ್ ಹಗ್ಗ, ಅದರ ತುದಿಗೆ ಏಟು ನುಂಗುವ ಶಾಕ್ ಅಬ್ಸಾರ್ಬರ್ ಬರುತ್ತದೆ. ಬಹುಮಹಡಿ ಕಟ್ಟಡಕ್ಕೆ ಅದು ಸರಿ. ನಮ್ಮ 8 ಮೀಟರ್ ಸಿಮೆಂಟ್ ಕಂಬದಲ್ಲಿ ಒಂದೂವರೆ ಮೀಟರ್ ನೆಲದೊಳಗೇ ಹೋಗುತ್ತದೆ. ಐದೂವರೆ ಮೀಟರ್ ಎತ್ತರದಲ್ಲಿ ಹಗ್ಗ ಕಟ್ಟಿ ಒಬ್ಬ ಬಿದ್ದನೆನ್ನಿ. ಹಗ್ಗದ 2 ಮೀಟರ್, ಬಿಚ್ಚಿಕೊಳ್ಳುವ ಅಬ್ಸಾರ್ಬರಿನ 1.75 ಮೀಟರ್‌ವರೆಗೆ, ಬೆನ್ನ ರಿಂಗಿನಿಂದ ಪಾದದವರೆಗೆ ಒಂದೂವರೆ: ಕೂಡಿಸಿದರೆ 5.25. ಪಾದಕ್ಕೂ ನೆಲಕ್ಕೂ ನಡುವೆ ಉಳಿಯುವುದು ಕಾಲು ಮೀಟರ್. ಇನ್ನೊಂದು ಅಡಿ ಕೆಳಗೆ ಕಟ್ಟಿದ್ದರೆ ಬೆಲ್ಟ್ ಇದ್ದೂ ಅವನು ನೆಲಕ್ಕೆ ಬಡಿಯುತ್ತಾನೆ. ಬೆಲ್ಟೇ ಇಲ್ಲದೆ 6 ಮೀಟರಿನಿಂದ ಬಿದ್ದವನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ, ಗಂಟೆಗೆ 39 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತಾನೆ.

ಹಾಗಾಗಿ ನಮ್ಮ ಕಂಬಗಳಿಗೆ ಬೇಕಾದದ್ದು ಬೀಳಲು ಎಡೆಯನ್ನೇ ಕೊಡದ ಸಾಧನ: ಕಂಬವನ್ನು ಸುತ್ತಿ ಬಿಗಿಯುವ, ಉದ್ದ ಹೆಚ್ಚು ಕಡಿಮೆ ಮಾಡಬಲ್ಲ ಗಿಡ್ಡ ಪಟ್ಟಿ. ಬರೀ ಸುತ್ತಿದ ಪಟ್ಟಿ ಸಾಲದು, ಏಕೆಂದರೆ ಸಿಮೆಂಟ್ ಕಂಬ ಮೇಲೆ ಸಣ್ಣ, ಕೆಳಗೆ ದಪ್ಪ. ಕಾಲು ಜಾರಿದರೆ ಸಡಿಲ ಪಟ್ಟಿ ದಪ್ಪ ಭಾಗದವರೆಗೂ ಕೆಳಗಿಳಿಯುತ್ತದೆ. ಭಾರ ಬಿದ್ದ ಕೂಡಲೇ ಕಂಬವನ್ನು ಕಚ್ಚಿಕೊಳ್ಳುವಂಥದ್ದು ಬೇಕು. ಅಮೆರಿಕದ ವಿದ್ಯುತ್ ಕೆಲಸದ ನಿಯಮದಲ್ಲಿ ಹೀಗೆ ಆತುಕೊಂಡು ಕೆಲಸ ಮಾಡುವವನು 2 ಅಡಿಗಿಂತ ಹೆಚ್ಚು ಬೀಳಕೂಡದು. ನೀವೂ ಅದನ್ನೇ ಷರತ್ತು ಮಾಡಿ. ಕಂಬದ ಚೂಪು ಅಂಚಿಗೆ ಉಜ್ಜುವ ಜಾಗಕ್ಕೆ ಪಟ್ಟಿಯ ಮೇಲೆ ದಪ್ಪ ಕವಚವೂ ಇರಲಿ. ಕರೆಂಟಿನ ಹತ್ತಿರ ಉಕ್ಕಿನ ತಂತಿ, ಸರಪಳಿ ಬೇಡವೇ ಬೇಡ.

ನಮ್ಮ ನೆಲವನ್ನೂ ನೋಡಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರದ ಗದ್ದೆಗಳಲ್ಲಿ ಏಣಿಯ ಕಾಲು ಕೆಸರಿನಲ್ಲಿ ಹೂಳುತ್ತದೆ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಕಂಬವನ್ನೇ ವಾಲಿಸುತ್ತದೆ. ವಾಲಿದ ಕಂಬಕ್ಕೆ ಬೆಲ್ಟ್ ಕಟ್ಟಿಕೊಂಡವನು ಕಂಬದ ಜೊತೆಗೇ ಬೀಳುತ್ತಾನೆ. ಆದ್ದರಿಂದ ಹತ್ತುವ ಮುಂಚೆ ಬುಡ ಪರೀಕ್ಷಿಸುವ, ಏಣಿಯನ್ನು ಕಂಬಕ್ಕೆ ಬಿಗಿದು ಕಟ್ಟುವ, ಕೆಳಗೊಬ್ಬ ನಿಲ್ಲುವ ವ್ಯವಸ್ಥೆಯೂ ನಿಮ್ಮ ಖರೀದಿಯ ಭಾಗವೇ.

“ಬೆಲ್ಟ್ ಹಾಕ್ಕೊಂಡ್ರ ಕೈ ಆಡಂಗಿಲ್ರೀ, ಶಾಕ್ ಹೊಡದ್ರ ಲೈನಿಗೇ ಜೋತು ಬೀಳ್ತೀವಿ” ಎಂಬ ಮಾತನ್ನು ನೀವೂ ಕೇಳಿರಬಹುದು. ಅದನ್ನು ಉಡಾಫೆ ಎಂದು ತಳ್ಳಿಹಾಕಬೇಡಿ. ಆ ಭಯ ನಿಜ. ಬೆಲ್ಟ್ ಕರೆಂಟನ್ನು ತಡೆಯುವುದಿಲ್ಲ. ಲೈನ್ ಕ್ಲಿಯರ್ ತಗೊಂಡು, ಟೆಸ್ಟರ್ ಹಿಡಿದು ನೋಡಿ, ಡಿಸ್ಚಾರ್ಜ್ ರಾಡ್‌ನಿಂದ ಎರಡೂ ಬದಿ ಅರ್ಥಿಂಗ್ ಮಾಡಿದ ಮೇಲಷ್ಟೇ ಬೆಲ್ಟಿನ ಮಾತು. ಯಾರದೋ ಮನೆಯ ಜನರೇಟರ್‌ನಿಂದ ಹಿಂದಕ್ಕೆ ಕರೆಂಟ್ ಬಂದರೆ ಸತ್ತ ಲೈನೂ ಜೀವ ತೆಗೆಯುತ್ತದೆ. ಕೈಗವಸು, ರಬ್ಬರ್ ಬೂಟು, ಹೆಲ್ಮೆಟ್, ಬೆಲ್ಟ್, ಏಣಿ, ಅರ್ಥಿಂಗ್ ಸಾಧನ ಒದಗಿಸಲೇಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳೇ ಹೇಳಿದ್ದವು. ಹೊರಗುತ್ತಿಗೆಯ ಹುಡುಗನಿಗೂ ಇವೆಲ್ಲ ಸಿಗಲೇಬೇಕು. ಅವನು ಹತ್ತುವುದೂ ಅದೇ ಕಂಬವನ್ನು.

ಒಮ್ಮೆ ಬೀಳುವವನನ್ನು ಹಿಡಿದ ಹಾರ್ನೆಸ್ ಹೊರಗಿನಿಂದ ನೆಟ್ಟಗೆ ಕಂಡರೂ ಕತ್ತರಿಸಿ ಎಸೆಯಿರಿ. ಹೊಲಿಗೆ ಬಿಚ್ಚಿದ, ಬಿಸಿಲಿಗೆ ಬಣ್ಣ ಹೋಗಿ ಒರಟಾದ, ಬ್ಯಾಟರಿ ಆಸಿಡ್ ತಾಗಿದ ಪಟ್ಟಿಗೂ ಅದೇ ಗತಿ. ಅದನ್ನು ಸ್ಟೋರಿನ ಲೆಕ್ಕದಲ್ಲಿ ಕಾಯ್ದಿಡಬೇಡಿ. ಹಾರ್ನೆಸ್‌ನಲ್ಲಿ ನೇತಾಡುವವನನ್ನು ಕೂಡಲೇ ಇಳಿಸಬೇಕು, ತಡವಾದರೆ ತೊಡೆಯ ಪಟ್ಟಿಗಳಿಂದ ರಕ್ತ ಕಾಲಲ್ಲೇ ನಿಂತು ಜೀವಕ್ಕೆ ಕುತ್ತು ಬರುತ್ತದೆ. ಹಾಗಾಗಿ ಪ್ರತಿ ಗ್ಯಾಂಗಿಗೂ ಇಳಿಸುವ ಹಗ್ಗ ಕೊಡಿ, ಇಳಿಸುವುದನ್ನು ಕಲಿಸಿ.

ಟೆಂಡರ್‌ಗೆ ಮುಂಚೆ ಮೂರೂ ತಾಲ್ಲೂಕುಗಳಿಂದ ದಿನಾ ಕಂಬ ಹತ್ತುವವರನ್ನು ಕರೆಸಿ. ನಾಲ್ಕಾರು ನಮೂನೆಯ ಹಾರ್ನೆಸ್ ತರಿಸಿ, ಲೈನ್ ಇಲ್ಲದ ಕಂಬದ ಮೇಲೆ, ನೆಲಕ್ಕೆ ಹತ್ತಿರದಲ್ಲೇ, ಬೇಸಿಗೆಯ ಬಿಸಿಲಿನಲ್ಲಿ ಅವರು ಹಾಕಿಕೊಂಡು ಜೋತು ನೋಡಲಿ. ಯಾವುದು ತೊಡೆ ಕೊಯ್ಯುತ್ತದೆ, ಯಾವುದರ ಬಕಲ್ ಕೈಗವಸಿನಲ್ಲಿ ಬಿಚ್ಚಲಾಗುವುದಿಲ್ಲ ಎಂದು ಅವರೇ ಬರೆದು ರುಜು ಹಾಕಲಿ. ನಿಮ್ಮ ರುಜು ಅದರ ಕೆಳಗೆ ಬರಲಿ.