ಗುಲಾಬಿ ಹಾಳೆಯ ವಿದ್ಯಾರ್ಥಿ

ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ, ಸರ್ಕಾರಿ ಕಚೇರಿಯಿಂದಲೋ ಪ್ರೌಢಶಾಲೆಯಿಂದಲೋ ನಿವೃತ್ತರಾಗಿ ಪಿಂಚಣಿಯ ನೆಮ್ಮದಿಯಲ್ಲಿರುವ ಗೃಹಸ್ಥರ ನಡುವೆ, ಇಂಗ್ಲಿಷನ್ನು ಕಲಿತರೆ ಆರ್ಥಿಕ ವಾರ್ತೆಯಿಂದಲೇ ಕಲಿಯಬೇಕೆಂದು ಹಟ ತೊಟ್ಟ ಒಂದು ವರ್ಗವಿದ್ದು, ಅದನ್ನು ಅನುಕೂಲಕ್ಕಾಗಿ ‘ಗುಲಾಬಿ ವಿದ್ಯಾರ್ಥಿ’ ಎಂದು ಕರೆಯಬಹುದು. ಹೆಸರಿಗೆ ಕಾರಣ ಪತ್ರಿಕೆಯ ಬಣ್ಣ. ಲಂಡನ್ನಿನ ‘ಫೈನಾನ್ಷಿಯಲ್ ಟೈಮ್ಸ್’ ಎದುರಾಳಿ ಪತ್ರಿಕೆಗಳ ನಡುವೆ ತಾನು ಎದ್ದು ಕಾಣಬೇಕೆಂದು 1893ರಲ್ಲಿ ನಸುಗೆಂಪು ಕಾಗದವನ್ನು ಆರಿಸಿಕೊಂಡಿತು. ಆ ಬಣ್ಣವೇ ಮುಂದೆ ಭಾರತವೂ ಸೇರಿದಂತೆ ಹಲವೆಡೆ ವಾಣಿಜ್ಯ ಪತ್ರಿಕೆಗಳ ಸಮವಸ್ತ್ರವಾಯಿತು. ಗುಲಾಬಿ ವಿದ್ಯಾರ್ಥಿಯ ಬಳಿ ಒಂದೇ ಒಂದು ಷೇರೂ ಇರುವುದಿಲ್ಲ ಎಂಬುದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಅವರ ಉಳಿತಾಯವೆಲ್ಲ ಅಂಚೆ ಕಚೇರಿ, ಸಹಕಾರ ಸಂಘ ಮತ್ತು ಹೆಂಡತಿಯ ಕೊರಳು ಎಂಬ ಮೂರು ಕಡೆ ಹಂಚಿಹೋಗಿದ್ದು, ಮುಂಬಯಿಯ ಪೇಟೆ ಎದ್ದರೂ ಬಿದ್ದರೂ ಅವರ ಮನೆಯ ಸಾರಿನ ರುಚಿ ಬದಲಾಗದು. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೋಪದೇಶವನ್ನು ಷೇರುಪೇಟೆಯ ಪುಟಕ್ಕೆ ಅನ್ವಯಿಸಿದವರು ಬಹುಶಃ ಇವರೊಬ್ಬರೇ.

ಆರ್ಥಿಕ ವಾರ್ತೆಯೇ ಏಕೆ ಎಂಬ ಪ್ರಶ್ನೆಗೆ ಅವರಲ್ಲಿ ಸಿದ್ಧ ಉತ್ತರವಿದೆ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶಾಲೆಯ ಇಂಗ್ಲಿಷ್ ಉಳಿಸಿಹೋದದ್ದು ಕರ್ತರಿ-ಕರ್ಮಣಿ ಪ್ರಯೋಗಗಳ ಭಯವನ್ನು ಮಾತ್ರ. ಷೇರುಪೇಟೆಯ ವರದಿಯಾದರೋ ದಿನವೂ ಎರಡೇ ಸಂಗತಿಗಳಲ್ಲಿ ಒಂದನ್ನು, ಅಂದರೆ ಏರಿತು ಎಂದೋ ಇಳಿಯಿತು ಎಂದೋ ಹೇಳಬೇಕಾಗಿದ್ದು, ಓದುಗನಿಗೆ ಬೇಸರ ಬಾರದಂತೆ ಆ ಎರಡು ಕ್ರಿಯಾಪದಗಳಿಗೆ ಹತ್ತಾರು ವೇಷ ತೊಡಿಸುತ್ತದೆ. ಏರಿಕೆಗೆ ಕ್ಲೈಂಬ್, ಸರ್ಜ್, ಸೋರ್, ರ್‍ಯಾಲಿ. ಇಳಿಕೆಗೆ ಸ್ಲಿಪ್, ಸ್ಲೈಡ್, ಟಂಬಲ್, ಪ್ಲಂಜ್, ಕ್ರ್ಯಾಶ್. ಇವೆಲ್ಲ ಸಮಾನಾರ್ಥಕಗಳಲ್ಲ, ಮೆಟ್ಟಿಲುಗಳು ಎಂಬುದನ್ನು ಇನ್ನೂರು ಪುಟದ ನೋಟುಪುಸ್ತಕದ ಎಡಬದಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡಿರುವ ವಿದ್ಯಾರ್ಥಿ, ಹಾಲಿನ ದರ ಒಂದು ರೂಪಾಯಿ ಹೆಚ್ಚಾದರೆ ‘ಎಡ್ಜ್ಡ್ ಅಪ್’ ಎಂದೂ ಹುರುಳಿಕಾಯಿಯ ದರ ಇಮ್ಮಡಿಯಾದರೆ ‘ಸೋರ್ಡ್’ ಎಂದೂ ತಪ್ಪಿಲ್ಲದೆ ಹೇಳಬಲ್ಲರು. ಹಾಗೆ ನೋಡಿದರೆ ಈ ವಿಷಯದಲ್ಲಿ ಅವರು ಪತ್ರಿಕೆಗಳಿಗಿಂತ ಕಟ್ಟುನಿಟ್ಟು. 1978-79ರ ಮಟ್ಟವನ್ನು 100 ಎಂದಿಟ್ಟುಕೊಂಡು ಲೆಕ್ಕ ಹಾಕುವ ಸೆನ್ಸೆಕ್ಸ್ ಎಂಬ ಸೂಚ್ಯಂಕ, ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ ಬೆನ್ನಲ್ಲೇ 1992ರ ಏಪ್ರಿಲ್ 28ರಂದು 570 ಅಂಶ ಕುಸಿದಾಗ ಅದು ಶೇ 12ಕ್ಕೂ ಹೆಚ್ಚಿನ ಇಳಿಕೆಯಾಗಿತ್ತು. ಸೂಚ್ಯಂಕ 80,000ದ ಸುತ್ತ ಇರುವಾಗ ಅದೇ 570 ಅಂಶ ಶೇ 1ನ್ನೂ ಮುಟ್ಟುವುದಿಲ್ಲ. ಆದರೂ ಟಿ.ವಿ.ಯವರು ‘ಕ್ರ್ಯಾಶ್’ ಎಂದು ಕಿರುಚಿದಾಗ ಗುಲಾಬಿ ವಿದ್ಯಾರ್ಥಿ ಪೆನ್ಸಿಲ್ ಎತ್ತಿ, ‘ಅದು ಸ್ಲಿಪ್ಪು, ಬರೀ ಸ್ಲಿಪ್ಪು’ ಎಂದು ಪರದೆಗೇ ತಿದ್ದುಪಡಿ ಸೂಚಿಸುತ್ತಾರೆ.

ಪದಗಳನ್ನು ದಾಟಿ ನುಡಿಗಟ್ಟುಗಳಿಗೆ ಬಂದಾಗ ಅವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಜಗತ್ತಿನ ಹಣಕಾಸಿನ ಭಾಷೆ ಗಾಜಿನ ಕಟ್ಟಡಗಳಲ್ಲಿ ಹುಟ್ಟಿದ್ದಿರಬೇಕೆಂದು ಅವರು ಎಣಿಸಿದ್ದರೆ, ಒಳಹೊಕ್ಕು ನೋಡುವಾಗ ಅಲ್ಲಿ ತುಂಬಿರುವುದು ದನದ ಕೊಟ್ಟಿಗೆ, ಕಾಡು ಮತ್ತು ಕ್ಷೌರದಂಗಡಿ. ಬೆಲೆ ಏರುತ್ತದೆಂದು ನಂಬಿ ಕೊಳ್ಳುವವನು ಗೂಳಿ, ಇಳಿಯುತ್ತದೆಂದು ನಂಬಿ ಮಾರುವವನು ಕರಡಿ. ಈ ಕರಡಿ ಹದಿನೆಂಟನೆಯ ಶತಮಾನದ ಆದಿಭಾಗದ ಲಂಡನ್ ಪೇಟೆಗೆ ಬಂದದ್ದು, ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಬೇಡ ಎಂಬ ಗಾದೆಯ ಬಾಲ ಹಿಡಿದುಕೊಂಡು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಬಲ್ಲ ಕನ್ನಡಿಗನಿಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ಕೈಯಲ್ಲಿ ಇಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ಒಪ್ಪಿಸುವ ಈ ಶಾರ್ಟ್ ಸೆಲಿಂಗ್ ಎಂಬ ಪದ್ಧತಿಯಲ್ಲಿ, ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಅದನ್ನು ಲಾಭಕ್ಕೆ ಮಾರಿಯೂ ಆಗಿರುತ್ತದೆ.

ಕಾಡಿನ ಪ್ರಾಣಿಗಳಲ್ಲಿ ಮಲೆನಾಡಿನ ಗುಲಾಬಿ ವಿದ್ಯಾರ್ಥಿಗಳನ್ನು ಬಹುವಾಗಿ ಕಾಡಿದ್ದು ಆನೆ. ಕೋಣೆಯೊಳಗೆ ಆನೆ ಎಂಬ ಇಂಗ್ಲಿಷ್ ನುಡಿಗಟ್ಟಿಗೆ, ಎಲ್ಲರಿಗೂ ಕಾಣುತ್ತಿದ್ದರೂ ಯಾರೂ ಬಾಯಿ ಬಿಟ್ಟು ಆಡದ ತೊಂದರೆ ಎಂದರ್ಥ. ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರು 2024ರ ಏಪ್ರಿಲ್‌ನಲ್ಲಿ, ಹಣದುಬ್ಬರವೆಂಬ ಆ ಆನೆ ಈಗ ವಾಯುವಿಹಾರಕ್ಕೆ ಹೊರಟಿದ್ದು ಕಾಡಿಗೆ ಮರಳುತ್ತಿರುವಂತೆ ತೋರುತ್ತಿದೆ ಎಂಬರ್ಥದ ಮಾತನ್ನು ಹೇಳಿದಾಗ, ಸಕಲೇಶಪುರ-ಆಲೂರು ಕಡೆಯ ಓದುಗರು ಅದನ್ನು ಅಲಂಕಾರವೆಂದು ಓದಲಾರದೆ ಹೋದರು. ಅವರ ಅನುಭವದಲ್ಲಿ ಕಾಫಿ ತೋಟದಿಂದ ಕಾಡಿಗೆ ಅಟ್ಟಿದ ಆನೆ ಬಾಳೆ ಹಣ್ಣಾಗುವ ಹೊತ್ತಿಗೆ ಸಂಸಾರಸಮೇತ ಹಿಂತಿರುಗುತ್ತದೆ. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ ಎಂಬುದಂತೂ ಶುದ್ಧ ಸುಳ್ಳು, ಏಕೆಂದರೆ ಬೇರೆ ಮಾತೇ ಅಲ್ಲಿ ಇರುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಣದುಬ್ಬರವು ಆನೆಯಾಗಿರುವುದನ್ನು ಬಿಟ್ಟು, ಲಾಯಕ್ಕೆ ತಂದು ಕಟ್ಟಿದ ಕುದುರೆಯಾಯಿತು. ನೋಟುಪುಸ್ತಕದಲ್ಲಿ ‘ಆನೆ’ಯನ್ನು ಹೊಡೆದುಹಾಕಿ ‘ಕುದುರೆ’ ಎಂದು ಬರೆದುಕೊಳ್ಳಬೇಕೋ ಬೇಡವೋ ಎಂಬುದು ಹಲವು ಮನೆಗಳಲ್ಲಿ ಇತ್ಯರ್ಥವಾಗದ ಪ್ರಶ್ನೆ.

ಹೇರ್‌ಕಟ್ ಎಂಬ ಮಾತು ಅವರನ್ನು ಊರಿನ ಕ್ಷೌರದಂಗಡಿಯಲ್ಲಿ ಉಪನ್ಯಾಸಕರನ್ನಾಗಿ ಮಾಡಿತು. ಸಾಲಗಾರ ಕಂಪನಿಯಿಂದ ಬರಬೇಕಾದ 100 ರೂಪಾಯಿಗೆ 30 ಸಿಕ್ಕರೆ ಸಾಕೆಂದು ಬ್ಯಾಂಕು ಒಪ್ಪಿಕೊಂಡಾಗ, ಬಿಟ್ಟುಕೊಟ್ಟ 70ನ್ನು ಹೇರ್‌ಕಟ್ ಎನ್ನುತ್ತಾರೆ. 2016ರಲ್ಲಿ ದಿವಾಳಿ ಸಂಹಿತೆ ಬಂದ ಮೇಲೆ ಈ ಪದ ಪತ್ರಿಕೆಗಳಲ್ಲಿ ನಿತ್ಯದ ಬಳಕೆಗೆ ಬಂತು. ಕತ್ತರಿ ನಿಲ್ಲಿಸಿ ಇದನ್ನೆಲ್ಲ ಕೇಳಿದ ಅಂಗಡಿಯವನು, ‘ನಮ್ಮಲ್ಲಿ ತಲೆ ಕೊಟ್ಟೋರು ದುಡ್ಡು ಕೊಡ್ತಾರೆ ಸಾರ್, ಅಲ್ಲಿ ದುಡ್ಡು ಕೊಟ್ಟೋರೇ ತಲೇನೂ ಕೊಡ್ತಾರಾ?’ ಎಂದು ಕೇಳಿದ ಪ್ರಶ್ನೆಯಲ್ಲಿ ಅರ್ಥಶಾಸ್ತ್ರದ ತರಗತಿಗಳಲ್ಲಿ ಸಿಗದ ಸ್ಪಷ್ಟತೆಯಿದೆ. ನೂರಕ್ಕೆ ಎಪ್ಪತ್ತು ಹೋದರೆ ಕನ್ನಡದಲ್ಲಿ ಅದಕ್ಕೆ ತಲೆ ಬೋಳಿಸುವುದು ಎಂಬ ಮಾತು ಮೊದಲಿನಿಂದಲೂ ಇದ್ದು, ಇಂಗ್ಲಿಷು ಅದನ್ನು ಬರಿಯ ಕೂದಲು ಕತ್ತರಿಸುವಿಕೆಗೆ ಇಳಿಸಿ ಬ್ಯಾಂಕಿನ ಮಾನ ಉಳಿಸಿತೆನ್ನಬೇಕು.

ಮನೆಯಲ್ಲಿ ಈ ವಿದ್ಯೆಗೆ ಸಿಗುವ ಮನ್ನಣೆ ಬೇರೆಯೇ. ಆಹಾರ ಮತ್ತು ಇಂಧನದ ಬೆಲೆಗಳು ತೀರ ಚಂಚಲವಾದ್ದರಿಂದ, ಅವೆರಡನ್ನೂ ಬಿಟ್ಟು ಲೆಕ್ಕ ಹಾಕುವ ಬೆಲೆಯೇರಿಕೆಗೆ ಕೋರ್ ಇನ್‌ಫ್ಲೇಷನ್, ಅಂದರೆ ತಿರುಳಿನ ಹಣದುಬ್ಬರ, ಎಂದು ಹೆಸರು. ಅದು ತಗ್ಗಿದೆಯೆಂದು ಅವರು ಬೆಳಗಿನ ಕಾಫಿಯ ಹೊತ್ತಿನಲ್ಲಿ ಘೋಷಿಸಿದಾಗ, ತೆಂಗಿನಕಾಯಿ ಸುಲಿಯುತ್ತಿದ್ದ ಹೆಂಡತಿ, ‘ರೀ, ಅಕ್ಕಿ ಬೇಳೆ ಗ್ಯಾಸು ಬಿಟ್ಟ ಮೇಲೆ ಈ ಮನೇಲಿ ತಿರುಳು ಅನ್ನೋದು ಏನುಳೀತು?’ ಎಂದು ಕೇಳುತ್ತಾರೆ. 2012ನ್ನು ಆಧಾರ ವರ್ಷವಾಗಿಟ್ಟ ಚಿಲ್ಲರೆ ಬೆಲೆ ಸೂಚ್ಯಂಕದಲ್ಲಿ ಆಹಾರ-ಪಾನೀಯಗಳ ಪಾಲೇ ಶೇ 46ರ ಸಮೀಪವಿದ್ದುದರಿಂದ, ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಅಂಕಿಗಳೂ ಹೆಚ್ಚುಕಡಮೆ ಹೆಂಡತಿಯ ಪರವಾಗಿಯೇ ಇದ್ದವು.

ಈ ವಿದ್ಯೆಯಿಂದ ಪ್ರತ್ಯಕ್ಷ ಪ್ರಯೋಜನ ಪಡೆಯಲು ಹೊರಟ ಪ್ರಯತ್ನ ತಿಳಿದುಬಂದಿರುವುದು ಒಂದೇ. ಹಾಸನದ ಕಡೆಯ ಒಬ್ಬ ಗುಲಾಬಿ ವಿದ್ಯಾರ್ಥಿಯ ಮಹಡಿಯ ಕೋಣೆಯಲ್ಲಿ ಅವರ ಬಾಮೈದ ಹದಿನೈದು ದಿನಕ್ಕೆಂದು ಬಂದು ಎರಡು ವರ್ಷದಿಂದ ನೆಲೆಸಿದ್ದನು. ಬಡ್ಡಿದರ ನಿರ್ಧರಿಸುವ, ರಿಸರ್ವ್ ಬ್ಯಾಂಕಿನ ಆರು ಸದಸ್ಯರ ಹಣಕಾಸು ನೀತಿ ಸಮಿತಿ ಆ ಕಾಲದಲ್ಲಿ, ಕೋವಿಡ್ ಕಾಲದ ಸಡಿಲ ಸಾಲನೀತಿಯನ್ನು ಹಿಂತೆಗೆದುಕೊಳ್ಳುವುದೆಂಬ ಅರ್ಥದಲ್ಲಿ, ಸಭೆಯಿಂದ ಸಭೆಗೆ ‘ವಿತ್‌ಡ್ರಾವಲ್ ಆಫ್ ಅಕಾಮಡೇಷನ್’ ಎಂದು ಸಾರುತ್ತಿತ್ತು. ಅಕಾಮಡೇಷನ್ ಎಂದರೆ ವಸತಿ ಎಂದು ಶಾಲೆಯಲ್ಲಿ ಕಲಿತಿದ್ದ ವಿದ್ಯಾರ್ಥಿಗೆ ಇದು ದೈವವಾಣಿಯಂತೆ ಕೇಳಿಸಿ, ಅವರು ಊಟದ ಹೊತ್ತಿನಲ್ಲಿ ಎಲೆಯಿಂದ ತಲೆಯೆತ್ತದೆ ಆ ಮಾತನ್ನು ಮೂರು ಬಾರಿ ನಿಧಾನವಾಗಿ ಓದಿ ಹೇಳಿದರು. ಬಾಮೈದ ಮಜ್ಜಿಗೆಗೆ ಕೈ ಒಡ್ಡುತ್ತ, ‘ಹೌದು ಭಾವ, ನಾನೂ ಓದಿದೆ. ಬಡ್ಡಿ ಸದ್ಯಕ್ಕೆ ಇಳಿಯೋ ಹಾಗಿಲ್ಲ. ಈಗ ಮನೆ ಸಾಲ ಮಾಡೋದು ದಡ್ಡತನ’ ಎಂದನು. 2024ರ ಅಕ್ಟೋಬರ್‌ನಲ್ಲಿ ಸಮಿತಿ ಆ ಮಾತನ್ನು ಕೈಬಿಟ್ಟು ತಾನು ತಟಸ್ಥ ಎಂದಿತು. 2025ರ ಫೆಬ್ರುವರಿಯಲ್ಲಿ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ರಿಸರ್ವ್ ಬ್ಯಾಂಕು ಶೇ 6.5ರಿಂದ 6.25ಕ್ಕೆ ಇಳಿಸಿತು. ಆ ಸುದ್ದಿ ಅಚ್ಚಾದ ಗುಲಾಬಿ ಹಾಳೆ ಅಂದು ವಿದ್ಯಾರ್ಥಿಯ ಕೈ ಸೇರಿದ್ದು ಮಧ್ಯಾಹ್ನದ ಮೇಲೆ. ಬೆಳಗಿನಿಂದ ಅದು ಮಹಡಿಯ ಕೋಣೆಯಲ್ಲಿತ್ತು, ಮತ್ತು ‘ಇನ್ನೂ ಇಳಿಯಬಹುದು, ಕಾದು ನೋಡೋಣ’ ಎಂಬ ಟಿಪ್ಪಣಿ ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿತ್ತು.