ಹೋಮ್ಸ್ ಗುಡಿಯ ಪಾರುಪತ್ತೇಗಾರರು

ಇಂಗ್ಲೆಂಡಿನ ಯಾವ ಊರಿಗೆ ಹೋದರೂ ಇವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ಅರವತ್ತು ದಾಟಿದೆ. ನೌಕರಿಯಿಂದ ನಿವೃತ್ತಿ ಆಗಿದೆ, ಷರ್ಲಾಕ್ ಹೋಮ್ಸನಿಂದ ಆಗಿಲ್ಲ. ಆರ್ಥರ್ ಕಾನನ್ ಡಾಯ್ಲ್ ಹೋಮ್ಸನ ಬಗ್ಗೆ ಬರೆದ 4 ಕಾದಂಬರಿ ಮತ್ತು 56 ಕಥೆಗಳು ಇವರ ಕಪಾಟಿನಲ್ಲಿ ಎರಡೆರಡು ಪ್ರತಿ ಇವೆ: ಒಂದು ಓದಲಿಕ್ಕೆ, ಇನ್ನೊಂದು ಯಾರು ಕೇಳಿದರೂ ಕೊಡದಿರಲಿಕ್ಕೆ. ಹೋಮ್ಸನ ಗುಡಿಗೆ ಇವರನ್ನು ಯಾರೂ ಪಾರುಪತ್ತೇಗಾರರನ್ನಾಗಿ ನೇಮಿಸಿಲ್ಲ. ಆದರೂ ಮೈಲಿಗೆಯಾದರೆ ಮೊದಲು ಕೂಗುವವರು ಇವರೇ.

2010ರ ಜುಲೈ 25ರ ರಾತ್ರಿ ಅಂಥ ಮೈಲಿಗೆ ಆಯಿತು. ಬಿಬಿಸಿ ಒಂದನೇ ಚಾನೆಲ್ಲಿನಲ್ಲಿ 'ಷರ್ಲಾಕ್' ಶುರುವಾಯಿತು. ಹೋಮ್ಸ್ ಇಪ್ಪತ್ತೊಂದನೇ ಶತಮಾನದ ಲಂಡನ್ನಿನಲ್ಲಿ ಟ್ಯಾಕ್ಸಿ ಹತ್ತುತ್ತಾನೆ, ಪತ್ರಕರ್ತರ ಮೊಬೈಲುಗಳಿಗೆಲ್ಲ ಒಟ್ಟಿಗೆ ಮೆಸೇಜು ಕಳಿಸಿ ಪೊಲೀಸರ ಮಾನ ಕಳೆಯುತ್ತಾನೆ. ಪೈಪು ಇಲ್ಲ. ಡಾಯ್ಲ್ ಕಥೆಯಲ್ಲಿ ಮೂರು ಪೈಪು ಸೇದುವಷ್ಟು ಕಠಿಣ ಎನಿಸಿಕೊಂಡ ಸಮಸ್ಯೆ ಇಲ್ಲಿ ತೋಳಿಗೆ ಮೂರು ನಿಕೋಟಿನ್ ಪಟ್ಟಿ ಅಂಟಿಸಿಕೊಳ್ಳುವಷ್ಟು ಕಠಿಣ. ಪಾರುಪತ್ತೇಗಾರ ತಾತ ರಿಮೋಟು ಕೈಗೆತ್ತಿಕೊಂಡರು. ಆದರೆ ಆರಿಸಲಿಲ್ಲ, ಸದ್ದು ಸ್ವಲ್ಪ ಜೋರು ಮಾಡಿದರು. ತಪ್ಪು ಹುಡುಕಬೇಕಾದರೆ ಮಾತು ಸರಿಯಾಗಿ ಕೇಳಬೇಕಲ್ಲ!

ಸಂಕಟ ಶುರುವಾಗಿದ್ದು ಅಲ್ಲಿಂದ. ತಪ್ಪೆಂದು ಗುರುತು ಹಾಕಿಕೊಂಡಿದ್ದೆಲ್ಲ ಬೇಕೆಂದೇ ಮಾಡಿದ್ದಾಗಿತ್ತು. ಹೋಮ್ಸನ ಗೆಳೆಯ ವಾಟ್ಸನನ ಗಾಯವನ್ನೇ ನೋಡಿ. ಡಾಯ್ಲ್ ಸಾಹೇಬರು ಮೊದಲ ಕಾದಂಬರಿಯಲ್ಲಿ ಆಫ್ಘಾನಿಸ್ತಾನದ ಗುಂಡನ್ನು ಅವನ ಭುಜಕ್ಕೆ ಹೊಡೆಸಿ, ಎರಡನೆಯದನ್ನು ಬರೆಯುವಾಗ ಮರೆತು ಕಾಲಿಗೆ ಇಳಿಸಿಬಿಟ್ಟಿದ್ದರು. ನೂರಿಪ್ಪತ್ತು ವರ್ಷ ಪಂಡಿತರು ಈ ಗುಂಡಿನ ಹಿಂದೆ ಬಿದ್ದಿದ್ದರು. ಧಾರಾವಾಹಿಯ ವಾಟ್ಸನ್ ಕುಂಟುತ್ತಾನೆ. ಆದರೆ ಆ ಕುಂಟು ಮನಸ್ಸಿನದು, ಗುಂಡು ಬಿದ್ದದ್ದು ಭುಜಕ್ಕೇ ಎಂದು ಮೊದಲ ಕಂತಿನ ಕೊನೆಯಲ್ಲಿ ಗೊತ್ತಾಗುತ್ತದೆ. ಯುದ್ಧವೂ ಅದೇ ಆಫ್ಘಾನಿಸ್ತಾನದ್ದು. ಅದಕ್ಕಾಗಿ ಚಿತ್ರಕಥೆಗಾರರು ಏನೂ ತಿರುಚಬೇಕಾಗಿ ಬರಲಿಲ್ಲ, ಇತಿಹಾಸವೇ ಒದಗಿಸಿಕೊಟ್ಟಿತು.

ಇನ್ನು ಗಡಿಯಾರ. ಪುಸ್ತಕದ ಹೋಮ್ಸ್ ವಾಟ್ಸನನ ಜೇಬುಗಡಿಯಾರದ ಕೀಲಿಕಂಡಿಯ ಸುತ್ತ ಗೀರು ನೋಡಿ, ಇದು ಕುಡುಕ ಅಣ್ಣನದು ಎನ್ನುತ್ತಾನೆ. ಟೀವಿಯ ಷರ್ಲಾಕ್ ಮೊಬೈಲಿನ ಚಾರ್ಜರ್ ಚುಚ್ಚುವ ಜಾಗದ ಗೀರು ನೋಡಿ ಅದನ್ನೇ ಹೇಳುತ್ತಾನೆ. ಎಲ್ಲ ಸರಿ, ಒಂದು ಬಿಟ್ಟು: ಆ ಹ್ಯಾರಿ ಅಣ್ಣನಲ್ಲ, ಹ್ಯಾರಿಯೆಟ್ ಎಂಬ ಒಡಹುಟ್ಟಿದವಳು. ಈ ತಮಾಷೆ ಪೂರ್ತಿ ದಕ್ಕುವುದು ಡಾಯ್ಲ್‌ನನ್ನು ಅರೆದು ಕುಡಿದವರಿಗೆ. ಅಂದರೆ ಸೋಫಾದ ಮೇಲೆ ಮುಖ ಗಂಟಿಕ್ಕಿ ಕುಳಿತ ಇವರಿಗೇ. ಧಾರಾವಾಹಿ ಕಟ್ಟಿದ ಸ್ಟೀವನ್ ಮೊಫಟ್ ಮತ್ತು ಮಾರ್ಕ್ ಗ್ಯಾಟಿಸ್ ಇಬ್ಬರೂ ಇದೇ ಜಾತಿಯವರು. 'ಡಾಕ್ಟರ್ ಹೂ' ಕೆಲಸಕ್ಕೆಂದು ಲಂಡನ್ನಿನಿಂದ ಕಾರ್ಡಿಫ್‌ಗೆ ಓಡಾಡುವಾಗ ರೈಲಿನಲ್ಲಿ ಹೋಮ್ಸ್ ಹರಟೆ ಹೊಡೆದು ಹೊಡೆದೇ ಇದನ್ನು ಹುಟ್ಟಿಸಿದ್ದು. ಪಾರುಪತ್ತೇಗಾರರಿಗೆ ಒಳಗೊಳಗೇ ನಗು ಬರುತ್ತಿತ್ತು, ಹೊರಗೆ ಕೆಮ್ಮುತ್ತಿದ್ದರು.

ಎದುರು ಪಕ್ಷ ಅದೇ ಮನೆಯಲ್ಲಿತ್ತು. ಕಾಲೇಜು ಓದುವ ಮೊಮ್ಮಗಳು. ಅವಳು ಡಾಯ್ಲ್‌ನ ಒಂದು ಪುಟವನ್ನೂ ತಿರುವಿದವಳಲ್ಲ, ಷರ್ಲಾಕ್ ಪಾತ್ರದ ಬೆನೆಡಿಕ್ಟ್ ಕಂಬರ್‌ಬ್ಯಾಚ್‌ನ ಉದ್ದನೆ ಕೋಟು ಮತ್ತು ಕೆನ್ನೆಯ ಮೂಳೆಗಳ ಮೂಲಕ ಭಕ್ತಿಮಾರ್ಗಕ್ಕೆ ಬಂದವಳು.

2012ರ ಜನವರಿ 15ರಂದು ಷರ್ಲಾಕ್ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಚಾವಣಿಯಿಂದ ಕೆಳಗೆ ಹಾರಿದ. ಕಂತಿನ ಕೊನೆಗೆ ತನ್ನದೇ ಸಮಾಧಿಯನ್ನು ದೂರದಿಂದ ನೋಡುತ್ತ ನಿಂತ. ಬದುಕಿದ್ದು ಹೇಗೆ? ಉತ್ತರಕ್ಕೆ 2014ರ ಜನವರಿ 1ರವರೆಗೆ ಕಾಯಬೇಕಾಯಿತು. ಮಧ್ಯದ ಎರಡು ವರ್ಷ ಆಸ್ಪತ್ರೆಯ ಪಕ್ಕದ ಕೆಂಪು ಟೆಲಿಫೋನ್ ಪೆಟ್ಟಿಗೆಯ ಮೇಲೆಲ್ಲ ಅಭಿಮಾನಿಗಳು ಚೀಟಿ ಅಂಟಿಸಿದರು, ಷರ್ಲಾಕ್ ಮೇಲೆ ನಂಬಿಕೆಯಿದೆ ಎಂದು.

"ಕಟ್ಟುಕಥೆಯ ಮನುಷ್ಯನಿಗೆ ಚೀಟಿ ಬರೆಯುತ್ತಾರೇನಮ್ಮಾ?" ಎಂದು ತಾತ ಕೇಳಿದರು.

"ನಿಮ್ಮ ಕಾಲದವರು ಏನು ಮಾಡಿದ್ದರು ತಾತ?"

ತಾತ ಉತ್ತರ ಕೊಡಲಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿತ್ತು: 1893ರ ಡಿಸೆಂಬರಿನಲ್ಲಿ ಡಾಯ್ಲ್ ಹೋಮ್ಸನನ್ನು ಜಲಪಾತಕ್ಕೆ ತಳ್ಳಿದಾಗ ಓದುಗರು 'ಸ್ಟ್ರಾಂಡ್' ಪತ್ರಿಕೆಯ ಚಂದಾ ನಿಲ್ಲಿಸಿದ್ದರು, ಲೇಖಕರಿಗೆ ಬೈಗುಳದ ಪತ್ರ ಬರೆದಿದ್ದರು. ಹೋಮ್ಸ್ ಸಾಯಲಿಲ್ಲ ಎಂಬ ಕಥೆ ಬರಲು ಹತ್ತು ವರ್ಷವಾಯಿತು. ಮೊಮ್ಮಗಳು ಎರಡೇ ವರ್ಷಕ್ಕೆ ಪಾರಾದಳು. ಆದರೂ ಆ ಹೊಸ ವರ್ಷದ ರಾತ್ರಿ ಬಿಬಿಸಿ ಹಲವು ಬಗೆಯ ಉತ್ತರ ತೋರಿಸಿ, ಥಿಯರಿ ಕಟ್ಟುತ್ತ ಕುಳಿತ ಅಭಿಮಾನಿಗಳ ಸಂಘವೊಂದನ್ನು ಕಥೆಯೊಳಗೇ ತಂದು ಗೇಲಿ ಮಾಡಿತು. ಅವತ್ತು 92 ಲಕ್ಷ ಜನ ನೋಡಿದರು. ಅವರಲ್ಲಿ ಎಷ್ಟು ಜನ ನಕ್ಕರು, ಎಷ್ಟು ಜನ ಇದು ನಮಗೇ ಹೇಳಿದ್ದೆಂದು ಮುನಿಸಿಕೊಂಡರು ಎಂಬುದಕ್ಕೆ ಲೆಕ್ಕವಿಲ್ಲ.

ತಾತನ ಎಲ್ಲ ದೂರುಗಳೂ ಗೊಣಗಾಟವೇ ಎಂದು ತಳ್ಳಿಹಾಕುವಂತಿಲ್ಲ. ಐರೀನ್ ಆಡ್ಲರ್ ವಿಷಯದಲ್ಲಿ ನ್ಯಾಯ ಪೂರ್ತಿ ಅವರ ಕಡೆಗಿದೆ. 1891ರ ಕಥೆಯಲ್ಲಿ ಆಕೆ ಹೋಮ್ಸನ ವೇಷವನ್ನು ಕಂಡುಹಿಡಿದು, ತಾನೇ ಹುಡುಗನ ವೇಷ ಹಾಕಿ ಅವನ ಬಾಗಿಲವರೆಗೂ ಹಿಂಬಾಲಿಸಿ, ಅವನಿಗೇ ಶುಭರಾತ್ರಿ ಹೇಳಿ, ಮರುದಿನ ಗಂಡನ ಜೊತೆ ಊರು ಬಿಟ್ಟು ಹೋಗುತ್ತಾಳೆ. ಹೋಮ್ಸ್ ಬಾಯಿಬಿಟ್ಟು ನಿಲ್ಲುತ್ತಾನೆ. 2012ರ ಐರೀನ್ ಅವನನ್ನು ಆಟವಾಡಿಸುತ್ತಾಳೆ ನಿಜ, ಆದರೆ ಕೊನೆಗೆ ಪ್ರೇಮದಲ್ಲಿ ಬಿದ್ದು ಗುಟ್ಟು ಬಿಟ್ಟುಕೊಟ್ಟು ಸೋಲುತ್ತಾಳೆ. ಕರಾಚಿಯಲ್ಲಿ ಅವಳ ಕತ್ತು ಉಳಿಸಲು ಷರ್ಲಾಕನೇ ಬರಬೇಕು. ನೂರಿಪ್ಪತ್ತು ವರ್ಷ ಮುಂದೆ ಬಂದ ಧಾರಾವಾಹಿಯಲ್ಲಿ ಹೆಂಗಸು ಮಾತ್ರ ಹಿಂದಕ್ಕೆ ಹೋದಳು. ಇದನ್ನು ಪತ್ರಿಕೆಗಳಲ್ಲೂ ವಿಮರ್ಶಕರು ಎತ್ತಿ ಆಡಿದರು. ಮೊಮ್ಮಗಳೂ ಒಪ್ಪಿದಳು. ಒಪ್ಪಿದ್ದಕ್ಕೆ ತಾತನಿಗೆ ಖುಷಿಯಾಗಬೇಕಿತ್ತು. ಆದರೆ ಜಗಳಕ್ಕೆ ಜನವಿಲ್ಲದೆ ಆ ಸಂಜೆ ಅವರು ಬೇಗ ಮಲಗಿದರು.

ಮೂಲದವನಿಗೇ ಇಲ್ಲದ ಮಡಿ ಇವರಿಗೇಕೆ ಎಂಬುದು ಬೇರೆ ಪ್ರಶ್ನೆ. ಅಮೆರಿಕದ ನಟ ವಿಲಿಯಂ ಜಿಲೆಟ್ ನಾಟಕ ಕಟ್ಟುವಾಗ ಹೋಮ್ಸನಿಗೆ ಮದುವೆ ಮಾಡಿಸಬಹುದೇ ಎಂದು ಕೇಳಿದರೆ, ಮದುವೆ ಮಾಡಿ, ಕೊಂದುಹಾಕಿ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಡಾಯ್ಲ್ ಅಪ್ಪಣೆ ಕೊಟ್ಟಿದ್ದರು. ನಮ್ಮ ತರಾಸು ಅವರು ತಮ್ಮ ಕಾದಂಬರಿಗಳಿಂದ ಪುಟ್ಟಣ್ಣನವರು ಮಾಡಿದ ಸಿನಿಮಾ 'ನಾಗರಹಾವು' ನೋಡಿ ಇದು ಕೇರೆಹಾವು ಎಂದರಂತೆ. ಡಾಯ್ಲ್‌ಗೆ ಹಾವಿನ ಗೊಡವೆಯೇ ಬೇಡವಾಗಿತ್ತು. ಜಿಂಕೆ ಬೇಟೆಯ ಟೋಪಿ ಬಂದದ್ದು ಚಿತ್ರಕಾರ ಸಿಡ್ನಿ ಪ್ಯಾಜೆಟ್‌ನ ಕುಂಚದಿಂದ, ಬಾಗಿದ ಪೈಪು ಆ ಜಿಲೆಟ್‌ನ ರಂಗದಿಂದ. ತಾತನಿಗೆ ಪ್ರಾಣಪ್ರಿಯನಾದ ಹೋಮ್ಸ್ ಪಾತ್ರಧಾರಿ ಬೇಸಿಲ್ ರ್‍ಯಾತ್‌ಬೋನ್ 1942ರಿಂದಾಚೆಯ ಸಿನಿಮಾಗಳಲ್ಲಿ ನಾಜಿಗಳ ಗೂಢಚಾರರನ್ನು ಹಿಡಿಯುತ್ತಾನೆ. "ಅದು ಯುದ್ಧಕಾಲ, ವಿನಾಯಿತಿ ಇದೆ" ಎನ್ನುತ್ತಾರೆ ತಾತ. ವಿನಾಯಿತಿ ಕೊಟ್ಟವರು ಯಾರು ಎಂದು ಕೇಳಬಾರದು.

ಅವರ ಮೊರೆ ಒಮ್ಮೆ ಫಲಿಸಿತು. 2016ರ ಹೊಸ ವರ್ಷದ ದಿನ ವಿಶೇಷ ಕಂತೊಂದು ಬಂತು, ವಿಕ್ಟೋರಿಯಾ ಕಾಲದ್ದೇ! ಕುದುರೆಗಾಡಿ, ಗ್ಯಾಸ್ ದೀಪ, ಪೈಪು, ಟೋಪಿ, ಮಂಜು, ವಾಟ್ಸನನಿಗೆ ದಪ್ಪ ಮೀಸೆ. ತಾತ ಕೈ ಜೋಡಿಸಿಕೊಂಡು ಕುಳಿತರು. ಅಷ್ಟರಲ್ಲಿ ವಿಮಾನವೊಂದು ಬಂದಿಳಿಯಿತು. ಅಲ್ಲಿಯವರೆಗೆ ಕಂಡದ್ದೆಲ್ಲ ಇಂದಿನ ಷರ್ಲಾಕ್ ಮತ್ತಿನಲ್ಲಿ ತಲೆಯೊಳಗೆ ಕಟ್ಟಿಕೊಂಡದ್ದು ಎಂದು ತಿಳಿಯಿತು. ಅಂದು ಅವರು ಆಡಿದ ಮಾತು ಇಲ್ಲಿ ಅಚ್ಚಾಗುವಂಥದ್ದಲ್ಲ.

ಆದರೆ ಈ ಪ್ರಸಂಗದ ಸ್ವಾರಸ್ಯ ಇರುವುದು 2017ರಲ್ಲಿ. ನಾಲ್ಕನೇ ಸರಣಿಯಲ್ಲಿ ಷರ್ಲಾಕನಿಗೆ ಇದ್ದಕ್ಕಿದ್ದಂತೆ ಯೂರಸ್ ಎಂಬ ತಂಗಿ ಹುಟ್ಟಿಕೊಂಡಳು, ದ್ವೀಪದ ಜೈಲು ಬಂತು, ಬೇಕರ್ ಬೀದಿಯ ಮನೆಯಲ್ಲಿ ಬಾಂಬು ಸಿಡಿಯಿತು. ಸರಣಿಯ ಮೊದಲ ಕಂತಿಗೇ, ಇದು ಜೇಮ್ಸ್ ಬಾಂಡ್ ಆಗಿಹೋಯಿತು ಎಂದು 'ಗಾರ್ಡಿಯನ್'ನಲ್ಲಿ ವಿಮರ್ಶಕರೊಬ್ಬರು ಬರೆದರೆ ಗ್ಯಾಟಿಸ್ ಪದ್ಯದಲ್ಲಿ ಉತ್ತರ ಕೊಟ್ಟರು. 1912ರಲ್ಲಿ ಡಾಯ್ಲ್ ಕೂಡ ಟೀಕಾಕಾರರೊಬ್ಬರಿಗೆ ಪದ್ಯದಲ್ಲೇ ಉತ್ತರ ಕೊಟ್ಟಿದ್ದರೆಂದು ತಾತನಿಗೆ ನೆನಪಾಗಿ, ಮೊದಲ ಸಲ ಗ್ಯಾಟಿಸ್ ಬಗ್ಗೆ ಒಳ್ಳೆಯ ಮಾತಾಡಿದರು. ಕೋಪಗೊಂಡವಳು ಮೊಮ್ಮಗಳು. "ಇವನು ನಮ್ಮ ಷರ್ಲಾಕ್ ಅಲ್ಲ! ಮೊದಲೆರಡು ಸರಣಿಯಲ್ಲಿ ಎಲ್ಲಿತ್ತು ಈ ತಂಗಿ?" ತಾತ ಅವಳನ್ನೇ ನೋಡಿದರು. ಧ್ವನಿ, ವಾದ, ಎತ್ತಿದ ಬೆರಳು, ಎಲ್ಲ ಅವರದ್ದೇ. ಕೊನೆಯ ಕಂತನ್ನು ಅದೇ ರಾತ್ರಿ ನೋಡಿದವರು 59 ಲಕ್ಷಕ್ಕೆ ಇಳಿದಿದ್ದರು.

ಅವಳ ಬಳಗದ ಕೆಲವರು ಇನ್ನೂ ಮುಂದೆ ಹೋದರು. ಇಷ್ಟು ಕೆಟ್ಟ ಮುಕ್ತಾಯ ನಿಜವಿರಲಾರದು, ಬಿಬಿಸಿ ಗುಟ್ಟಾಗಿ ಇನ್ನೊಂದು ಕಂತು ಇಟ್ಟುಕೊಂಡಿದೆ, ಮುಂದಿನ ಭಾನುವಾರ ಶುರುವಾಗುವ 'ಆ್ಯಪಲ್ ಟ್ರೀ ಯಾರ್ಡ್' ಎಂಬ ಹೊಸ ಧಾರಾವಾಹಿ ಬರೀ ನೆಪ ಎಂದು ಪತ್ತೇದಾರಿ ಮಾಡಿದರು. ಜನವರಿ 22ರ ರಾತ್ರಿ ಟೀವಿ ಮುಂದೆ ಕುಳಿತರೆ ಬಂದದ್ದು 'ಆ್ಯಪಲ್ ಟ್ರೀ ಯಾರ್ಡ್' ಧಾರಾವಾಹಿಯೇ. ವಾಟ್ಸನ್ ಇದ್ದದ್ದು ನಿಜ: ನಾಯಕಿ ಎಮಿಲಿ ವಾಟ್ಸನ್.

ಈಗ ತಾತ, ಮೊಮ್ಮಗಳು ಒಂದೇ ಪಕ್ಷ. ಇಬ್ಬರೂ ಸೇರಿ ಬೈಯಲು ಅಮೆರಿಕದ 'ಎಲಿಮೆಂಟರಿ' ಹಿಡಿದಿದ್ದಾರೆ: ಊರು ನ್ಯೂಯಾರ್ಕ್, ವಾಟ್ಸನ್ ಹೆಂಗಸು, ಒಟ್ಟು 154 ಕಂತು. ಅದರ ಹೋಮ್ಸ್ ಮನೆಯ ಮಾಳಿಗೆಯ ಮೇಲೆ ಜೇನು ಸಾಕುತ್ತಾನೆ. ಅದನ್ನು ಕಂಡು ತಾತನ ಮುಖ ಒಂದು ಕ್ಷಣ ಅರಳಿತು, ಡಾಯ್ಲ್‌ನ ಹೋಮ್ಸನೂ ಸಸೆಕ್ಸ್‌ನಲ್ಲಿ ಜೇನು ಸಾಕಿದವನೇ. "ಆದರೆ ಅವನು ಸಾಕಿದ್ದು ರಿಟೈರ್ ಆದ ಮೇಲೆ," ಎಂದು ತಿದ್ದಿದಳು ಮೊಮ್ಮಗಳು. ಪುಸ್ತಕದ ಎರಡನೇ ಪ್ರತಿ ಈಗ ಅವಳ ಕೋಣೆಯಲ್ಲಿದೆ.